ಮೊದಲು ಮಳೆ, ಆಮೇಲೆ ಹುಣ್ಣಿಮೆ, ಕೊನೆಗೆ ರಸ್ತೆ: ಶ್ರೀಲಂಕಾ ಪ್ರವಾಸದ ಲೆಕ್ಕಾಚಾರ

ಭೂಪಟದಲ್ಲಿ ಶ್ರೀಲಂಕಾ ಅಂಗೈಯಷ್ಟು. 65,610 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೇ ಒಂದು ಪಾಲಿಗಿಂತ ಒಂಚೂರು ಹೆಚ್ಚು. ಬೆಂಗಳೂರಿನಿಂದ ವಿಮಾನ ಹತ್ತಿದರೆ ಒಂದೂವರೆ ಗಂಟೆ. ಕೈಗಡಿಯಾರ ತಿರುಗಿಸುವ ಗೊಡವೆಯೂ ಇಲ್ಲ, ಅಲ್ಲಿಯ ಹೊತ್ತು ನಮ್ಮದೇ ಹೊತ್ತು. ಇಷ್ಟು ಹತ್ತಿರ, ಇಷ್ಟು ಚಿಕ್ಕದು ಅನ್ನುವ ಈ ಭಾವನೆಯೇ ಅಲ್ಲಿಗೆ ಹೋಗುವವರ ಯೋಜನೆಯನ್ನು ಕೆಡಿಸುತ್ತದೆ.

"ಐದು ರಾತ್ರಿ, ಆರು ಹಗಲು, ಹನ್ನೊಂದು ಊರು" ಎಂಬ ಪಟ್ಟಿಗಳು ಹುಟ್ಟುವುದು ಹೀಗೆ. ಬೆಳಗ್ಗೆ ಸಿಗಿರಿಯ ಬಂಡೆ, ಮಧ್ಯಾಹ್ನ ದಂಬುಲ್ಲದ ಗುಹೆ, ಸಂಜೆಗೆ ಕ್ಯಾಂಡಿ, ಮರುದಿನ ನುವರ ಎಲಿಯ. ಕಾಗದದ ಮೇಲೆ ಎಲ್ಲವೂ ಕೂಡಿ ಬರುತ್ತದೆ. ಅಲ್ಲಿ ಹೋದಮೇಲೆ ಗೊತ್ತಾಗುವುದೇನೆಂದರೆ, ದಿನಕ್ಕೆ ಆರು ಗಂಟೆ ವ್ಯಾನಿನಲ್ಲಿ, ಎರಡು ಗಂಟೆ ಬಿಸಿಲಿನಲ್ಲಿ, ಉಳಿದದ್ದು ಹೋಟೆಲಿನ ಪೆಟ್ಟಿಗೆ ಬಿಚ್ಚಿ ಕಟ್ಟುವುದರಲ್ಲಿ. ಎರಡೂವರೆ ಸಾವಿರ ವರ್ಷದ ಕಟ್ಟಡ, ಕೆರೆ, ಪೂಜೆ, ಮೆರವಣಿಗೆಗಳಿರುವ ದ್ವೀಪವನ್ನು ಕಿಟಕಿಯ ಗಾಜಿನಲ್ಲಿ ನೋಡಿ ಬಂದಂತಾಗುತ್ತದೆ.

ನಮ್ಮ ಸಲಹೆ ತಿರುವುಮುರುವು. ಊರುಗಳ ಪಟ್ಟಿಯನ್ನು ಬದಿಗಿಡಿ. ಮೊದಲು ಮಳೆ ಎಲ್ಲಿ ಬೀಳುತ್ತದೆ ನೋಡಿ, ಆಮೇಲೆ ಹುಣ್ಣಿಮೆ ಯಾವತ್ತು ನೋಡಿ, ಕೊನೆಗೆ ರಸ್ತೆಯ ಗಂಟೆ ಎಣಿಸಿ. ಈ ಮೂರು ಜರಡಿಯಲ್ಲಿ ಉಳಿದದ್ದೇ ನಿಮ್ಮ ಪ್ರವಾಸ.

ಎರಡು ಮಳೆಗಾಲದ ನಾಡು

ಪಶ್ಚಿಮ ಘಟ್ಟ ಗೊತ್ತಿದ್ದವರಿಗೆ ಶ್ರೀಲಂಕಾದ ಮಳೆ ಅರ್ಥವಾಗುವುದು ಸುಲಭ. ಆಗುಂಬೆಯಲ್ಲಿ ಸುರಿದ ಮೋಡ ಚಿತ್ರದುರ್ಗ ತಲುಪುವಷ್ಟರಲ್ಲಿ ಬರಿದಾಗುವಂತೆ, ಅಲ್ಲಿಯೂ ನಡುಗುಡ್ಡಗಳು ಮೋಡ ತಡೆಯುತ್ತವೆ. ವ್ಯತ್ಯಾಸ ಒಂದೇ: ಅಲ್ಲಿ ಮೋಡ ಎರಡೂ ಕಡೆಯಿಂದ ಬರುತ್ತದೆ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ. ಆಗ ಕೊಲಂಬೊ, ಗಾಲ್, ಗುಡ್ಡಗಳ ಪಶ್ಚಿಮ ಇಳಿಜಾರು ತೊಯ್ಯುತ್ತವೆ. ಟ್ರಿಂಕೋಮಲಿ, ಪಾಸಿಕುಡದಂಥ ಪೂರ್ವ ಕರಾವಳಿಯಲ್ಲಿ ಸಮುದ್ರ ತಿಳಿಯಾಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತ, ಆಗ ಲೆಕ್ಕ ತಲೆಕೆಳಗು. ನಡುವಿನ ಅಕ್ಟೋಬರ್, ನವೆಂಬರ್ ಯಾವ ಕಡೆಗೂ ಸೇರದ ತಿಂಗಳು. ಮಧ್ಯಾಹ್ನ ದಾಟಿದರೆ ಎಲ್ಲೆಡೆ ಗುಡುಗು ಮಳೆ, ಮೇಲಿಂದ ಬಂಗಾಳ ಕೊಲ್ಲಿಯ ಚಂಡಮಾರುತಗಳು. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಗುಡ್ಡಗಾಡಿನ ರಸ್ತೆ, ರೈಲು ಹಳಿಗಳನ್ನು ಎಷ್ಟು ಹಾಳುಮಾಡಿತೆಂದರೆ, ಅಲ್ಲಿಂದಾಚೆಗೆ ರೈಲಿನ ಯೋಜನೆ ಹಾಕುವವರು ಯಾವ ಭಾಗ ಓಡುತ್ತಿದೆ ಎಂದು ವಿಚಾರಿಸದೆ ಹೋಟೆಲ್ ಕಾಯ್ದಿರಿಸುವ ಹಾಗಿಲ್ಲ.

ಕನ್ನಡಿಗರಿಗೆ ರಜೆ ಸಿಗುವುದು ದಸರೆಗೆ, ಡಿಸೆಂಬರ್ ಕೊನೆಗೆ, ಏಪ್ರಿಲ್-ಮೇಗೆ. ಇವುಗಳಲ್ಲಿ ದಸರೆಯ ರಜೆ ಈ ದ್ವೀಪಕ್ಕೆ ಹೊಂದುವುದೇ ಇಲ್ಲ. ಡಿಸೆಂಬರ್ ಕೊನೆ ದಕ್ಷಿಣ ಕರಾವಳಿಗೆ ಬಲು ಚೆಂದ, ಆದರೆ ಪುರಾತನ ನಗರಗಳಿರುವ ಒಣ ಸೀಮೆಗೆ ವರ್ಷದ ಮಳೆಯ ಬಹುಪಾಲು ಬೀಳುವುದು ಅಕ್ಟೋಬರ್‌ನಿಂದ ಜನವರಿಯೊಳಗೆ. ಬೆಲೆಯೂ ಆಗಲೇ ಏರುತ್ತದೆ. ಏಪ್ರಿಲ್‌ನಲ್ಲಿ ಸೆಕೆ ಜಾಸ್ತಿ, ಆದರೂ ಬೆಳಗ್ಗೆ ಬೇಗ ಏಳುವವರಿಗೆ ನಡೆಯುತ್ತದೆ. ಶಾಲೆಯ ಹಂಗಿಲ್ಲದವರು ಎರಡರಲ್ಲಿ ಒಂದು ಆರಿಸಿ. ಒಂದು, ಫೆಬ್ರವರಿ-ಮಾರ್ಚ್: ಪುರಾತನ ನಗರಗಳು, ಗುಡ್ಡ, ದಕ್ಷಿಣ ಕರಾವಳಿ ಮೂರೂ ಒಟ್ಟಿಗೆ ದಕ್ಕುವ ಕಾಲ. ಇನ್ನೊಂದು, ಜುಲೈ-ಆಗಸ್ಟ್: ಕ್ಯಾಂಡಿಯ ಪೆರಹೆರ ಮೆರವಣಿಗೆ, ಮಿನ್ನೇರಿಯ ಕೆರೆಯಂಗಳದಲ್ಲಿ ಹುಲ್ಲಿಗಾಗಿ ಸೇರುವ ಆನೆಹಿಂಡು, ಪೂರ್ವ ಕರಾವಳಿ. ಜುಲೈಯಲ್ಲಿ ಗಾಲ್‌ಗೆ ಹೋಗಿ ಸಮುದ್ರಕ್ಕಿಳಿಯುತ್ತೇನೆಂದರೆ ಕೆಂಪು ಬಾವುಟ ನೋಡಿಕೊಂಡು ಬರಬೇಕಾದೀತು.

ಹುಣ್ಣಿಮೆಯ ಪಂಚಾಂಗ

ಪ್ರತಿ ಹುಣ್ಣಿಮೆಯೂ ಅಲ್ಲಿ ಸರ್ಕಾರಿ ರಜೆ. ಅದನ್ನು ಪೋಯ ಎನ್ನುತ್ತಾರೆ. ಬೌದ್ಧರ ವ್ರತದ ದಿನವಾದ ಉಪೋಸಥದಿಂದ ಬಂದ ಮಾತು. ಆ ದಿನ ಮದ್ಯ, ಮಾಂಸದ ಮಾರಾಟವಿಲ್ಲ, ಹಲವು ಅಂಗಡಿಗಳು ಮುಚ್ಚಿರುತ್ತವೆ, ವಿಹಾರಗಳಲ್ಲಿ ಬಿಳಿಬಟ್ಟೆಯ ಜನಸಾಗರ. ಇದನ್ನು ತೊಂದರೆ ಎಂದು ತಪ್ಪಿಸಿಕೊಳ್ಳುವವರಿದ್ದಾರೆ. ನಮಗೆ ಅದು ತಿಳಿಗೇಡಿತನವೆನಿಸುತ್ತದೆ. ಪೋಯದ ಸಂಜೆ ಅನುರಾಧಪುರದ ರುವನ್‌ವೆಲಿಸಾಯ ಸ್ತೂಪದ ಸುತ್ತ ಕೂತರೆ, ಉಳಿದ ಮೂರು ದಿನ ಓಡಾಡಿ ನೋಡಿದ ಕಲ್ಲುಗಳು ಏತಕ್ಕಾಗಿ ಇದ್ದವು ಎಂಬುದು ಕಣ್ಣೆದುರು ನಡೆಯುತ್ತದೆ. ಆದರೆ ಆ ದಿನ ಊರಿಂದೂರಿಗೆ ಪ್ರಯಾಣ ಇಟ್ಟುಕೊಳ್ಳಬೇಡಿ. ವೆಸಕ್ ಹುಣ್ಣಿಮೆಗೆ, ಸಾಮಾನ್ಯವಾಗಿ ಮೇ ತಿಂಗಳಲ್ಲಿ, ಕೊಲಂಬೊ ಇಡೀ ಗೂಡುದೀಪವಾಗುತ್ತದೆ, ರಸ್ತೆಬದಿಯಲ್ಲಿ ದಾರಿಹೋಕರಿಗೆಲ್ಲ ಊಟ ಹಂಚುವ ದನ್‌ಸಲ್‌ಗಳು ಏಳುತ್ತವೆ. ಜೂನ್‌ನ ಪೊಸೊನ್ ಹುಣ್ಣಿಮೆ ಅಶೋಕನ ಮಗ ಮಹಿಂದ ದ್ವೀಪಕ್ಕೆ ಧರ್ಮ ತಂದ ನೆನಪು. ಆಗ ಮಿಹಿಂತಲೆ ಗುಡ್ಡದ 1,840 ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರುವುದಿಲ್ಲ.

ಕ್ಯಾಂಡಿಯ ಎಸಲ ಪೆರಹೆರಕ್ಕಾಗಿ ಹೋಗುವುದಾದರೆ ಇಡೀ ಪ್ರವಾಸವನ್ನು ಅದರ ಸುತ್ತ ಕಟ್ಟಬೇಕು, ಬೇರೆ ದಾರಿಯಿಲ್ಲ. ಜುಲೈ-ಆಗಸ್ಟ್‌ನಲ್ಲಿ, ಚಾಂದ್ರಮಾನದ ಲೆಕ್ಕದಂತೆ ಪ್ರತಿವರ್ಷ ಬದಲಾಗುವ ಹತ್ತು ರಾತ್ರಿಗಳು. ಮೊದಲ ಐದು ರಾತ್ರಿ ಕುಂಬಲ್ ಪೆರಹೆರ, ಕೊನೆಯ ಐದು ರಂದೋಲಿ. ಬುದ್ಧನ ದಂತವಿರುವ ದೇವಾಲಯ ದಳದಾ ಮಾಳಿಗಾವದ ಮೆರವಣಿಗೆಯ ಹಿಂದೆ ನಾಥ, ವಿಷ್ಣು, ಕತರಗಮ, ಪತ್ತಿನಿ ಎಂಬ ನಾಲ್ಕು ದೇವಾಲಯಗಳ ಮೆರವಣಿಗೆ. ಮುಂದೆ ಚಾಟಿ ಬೀಸುವವರು, ಆಮೇಲೆ ಪಂಜು, ಮದ್ದಳೆ, ಕ್ಯಾಂಡಿ ಕುಣಿತ, ಸಾಲು ಸಾಲು ಆನೆ. ಕರಂಡಕ ಎಂಬ ಪವಿತ್ರ ಪೆಟ್ಟಿಗೆ ಹೊತ್ತ ಆನೆಯ ಕಾಲು ನೆಲಕ್ಕೆ ತಾಗದಂತೆ ಬಿಳಿಬಟ್ಟೆ ಹಾಸುತ್ತಾ ಹೋಗುತ್ತಾರೆ. ಬುದ್ಧನ ದಂತ ಹೊರಗೆ ಬರುವುದಿಲ್ಲ, ಬರುವುದು ಕರಂಡಕ. ಮಾಳಿಗಾವದ ಒಳಗೂ ಕಾಣುವುದು ಕರಂಡಕವೇ. ಇದನ್ನು ಮೊದಲೇ ತಿಳಿದಿದ್ದರೆ ನಿರಾಸೆಯಿಲ್ಲ.

ಎಲ್ಲರೂ ಕೊನೆಯ ರಾತ್ರಿಗೇ ಮುಗಿಬೀಳುತ್ತಾರೆ. ಕೋಣೆಯ ಬಾಡಿಗೆ, ಕುರ್ಚಿಯ ದರ ಎಲ್ಲ ಆಗ ನೆತ್ತಿಗೇರಿರುತ್ತದೆ. ರಂದೋಲಿಯ ಮೊದಲ ಅಥವಾ ಎರಡನೆಯ ರಾತ್ರಿ ನೋಡಿ. ವೈಭವ ಕಮ್ಮಿಯಿಲ್ಲ, ನೂಕುನುಗ್ಗಲು ಕಮ್ಮಿ. ಪಾದಚಾರಿ ದಾರಿಯಲ್ಲಿ ಪುಕ್ಕಟೆ ಕೂರುವವರು ಮಧ್ಯಾಹ್ನವೇ ಚಾಪೆ ಹಾಸಿರುತ್ತಾರೆ. ಒಮ್ಮೆ ಕೂತರೆ ಮೆರವಣಿಗೆ ಮುಗಿಯುವವರೆಗೆ ಏಳುವಂತಿಲ್ಲ, ಹಾಗಾಗಿ ನೀರು ಕಡಿಮೆ ಕುಡಿದು ಹೋಗುವುದು ಒಳ್ಳೆಯದು. ಹೋಟೆಲು ನಡೆದು ತಲುಪುವಷ್ಟು ದೂರದಲ್ಲಿರಲಿ, ಏಕೆಂದರೆ ರಸ್ತೆ ಮುಚ್ಚಿದ ಮೇಲೆ ಯಾವ ಟುಕ್‌ಟುಕ್ಕೂ ಬರುವುದಿಲ್ಲ. ಮಳೆಗೆ ಕೊಡೆ ಬಿಚ್ಚಿದರೆ ಹಿಂದಿನವರು ಬೈಯುತ್ತಾರೆ, ಪ್ಲಾಸ್ಟಿಕ್ ಮಳೆಕೋಟು ಒಯ್ಯಿರಿ.

ಇನ್ನೊಂದು ದಿನ ಏಪ್ರಿಲ್ 13-14. ಅದು ಸಿಂಹಳರಿಗೂ ತಮಿಳರಿಗೂ ಹೊಸ ವರ್ಷ, ಮೀನದಿಂದ ಮೇಷಕ್ಕೆ ಸೂರ್ಯ ಕಾಲಿಡುವ ಹೊತ್ತು. ನಮ್ಮ ಕರಾವಳಿಯ ಬಿಸು ಹಬ್ಬವೂ ಅದೇ ಹೊತ್ತಿನದು. ಹಳೆಯ ವರ್ಷಕ್ಕೂ ಹೊಸ ವರ್ಷಕ್ಕೂ ನಡುವೆ ನೋನಗತೆ ಎಂಬ ಕೆಲವು ಗಂಟೆಗಳು ಬರುತ್ತವೆ, ಆಗ ಒಲೆ ಹೊತ್ತಿಸುವುದಿಲ್ಲ, ಯಾವ ಕೆಲಸವನ್ನೂ ಮಾಡುವುದಿಲ್ಲ. ಹಬ್ಬದ ಹಿಂದುಮುಂದಿನ ದಿನಗಳಲ್ಲಿ ಬಸ್ಸುಗಳು ಕಿಕ್ಕಿರಿದಿರುತ್ತವೆ, ಊರ ಹೋಟೆಲುಗಳು ಮುಚ್ಚಿರುತ್ತವೆ, ಚಾಲಕರು ಊರಿಗೆ ಹೋಗಿರುತ್ತಾರೆ. ಬೇಸಿಗೆ ರಜೆಯವರು ಏಪ್ರಿಲ್ 17-18ರ ನಂತರ ಹೊರಡಿ.

ರಸ್ತೆಯ ಗಂಟೆ

ಕಾರಿಗೆ ಊರೊಳಗೆ 50, ಹೊರಗೆ 70 ಕಿಲೋಮೀಟರ್ ವೇಗಮಿತಿ. ಎಕ್ಸ್‌ಪ್ರೆಸ್ ಹೆದ್ದಾರಿ ಬಿಟ್ಟರೆ ಹೆಚ್ಚಿನ ರಸ್ತೆ ಎರಡೇ ಪಥ. ಊರು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಊರು ಶುರು. ಸರಾಸರಿ ಗಂಟೆಗೆ 35ರಿಂದ 40 ಎಂದಿಟ್ಟುಕೊಂಡರೆ ಮೋಸವಾಗುವುದಿಲ್ಲ. ಕಟುನಾಯಕದ ವಿಮಾನ ನಿಲ್ದಾಣದಿಂದ ಸಿಗಿರಿಯಕ್ಕೆ ಸುಮಾರು 150 ಕಿಲೋಮೀಟರ್, ನಾಲ್ಕು ಗಂಟೆ. ಸಿಗಿರಿಯದಿಂದ ಕ್ಯಾಂಡಿಗೆ 90, ಎರಡೂವರೆಯಿಂದ ಮೂರು ಗಂಟೆ. ಕ್ಯಾಂಡಿಯಿಂದ 'ಎಲ್ಲ' ಎಂಬ ಗುಡ್ಡದ ಊರಿಗೆ 140ರ ಸುತ್ತ, ಆದರೆ ಗುಡ್ಡದ ತಿರುವುಗಳಲ್ಲಿ ನಾಲ್ಕೂವರೆ ಗಂಟೆಗೂ ಮೀರಬಹುದು. ಗಾಲ್‌ನಿಂದ ಕೊಲಂಬೊಗೆ ಮಾತ್ರ ದಕ್ಷಿಣದ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಎರಡು ಗಂಟೆಯೊಳಗೆ ಬರಬಹುದು.

ಇದರಿಂದ ಹೊರಡುವ ನಿಯಮ: ಒಂದು ರಾತ್ರಿಗೆಂದು ಯಾವ ಊರಿನಲ್ಲೂ ಉಳಿಯಬೇಡಿ. ಆರು ರಾತ್ರಿ ಇದ್ದರೆ ಹಬರಣ, ಸಿಗಿರಿಯ, ದಂಬುಲ್ಲ ಈ ಮೂರರಲ್ಲಿ ಒಂದೆಡೆ ಮೂರು ರಾತ್ರಿ, ಕ್ಯಾಂಡಿಯಲ್ಲಿ ಎರಡು. ಕೊನೆಯದೊಂದು ವಿಮಾನ ನಿಲ್ದಾಣದ ಪಕ್ಕದ ನೆಗೊಂಬೊದಲ್ಲಿ, ನಿಯಮಕ್ಕೆ ಇದೊಂದೇ ಅಪವಾದ. ಬೆಳಗಿನ ವಿಮಾನವಿದ್ದು ಕ್ಯಾಂಡಿಯಿಂದ ನೇರ ಹೊರಡುತ್ತೇನೆಂದರೆ ರಾತ್ರಿ ಎರಡಕ್ಕೆ ಏಳಬೇಕಾಗುತ್ತದೆ. ಒಂಬತ್ತು ಹತ್ತು ರಾತ್ರಿ ಇದ್ದರೆ ಮಾತ್ರ 'ಎಲ್ಲ' ಅಥವಾ ಹಪುತಲೆ ಊರಿನಲ್ಲಿ ಎರಡು ರಾತ್ರಿ, ಗಾಲ್ ಎರಡು ರಾತ್ರಿ ಸೇರಿಸಿ. ನುವರ ಎಲಿಯವನ್ನು ಕೈಬಿಟ್ಟರೆ ಊಟಿ, ಕೊಡಗು ನೋಡಿದವರಿಗೆ ದೊಡ್ಡ ನಷ್ಟವೇನಿಲ್ಲ. ಅಲ್ಲಿಯ ಸೀತಾ ದೇವಾಲಯ, ರಾಮಾಯಣದ ಜಾಗಗಳು ಎಂದು ತೋರಿಸುವ ಗುಹೆ ಜಲಪಾತಗಳು ನಿಮಗೆ ಭಕ್ತಿಯ ವಿಷಯವಾದರೆ ಸರಿ, ಇತಿಹಾಸದ ಕುತೂಹಲಕ್ಕಾದರೆ ಆ ದಿನವನ್ನು ಪೊಲೊನ್ನರುವಕ್ಕೆ ಕೊಡಿ.

ಮೂರರಲ್ಲಿ ಬಿಡಾರಕ್ಕೆ ನಮ್ಮ ಮೊದಲ ಆಯ್ಕೆ ಹಬರಣ. ನೋಡಲು ಏನೂ ಇಲ್ಲದ ಕೂಡುರಸ್ತೆ, ಆದರೆ ಎಲ್ಲದಕ್ಕೂ ನಡುವೆ: ಪೊಲೊನ್ನರುವಕ್ಕೆ 45 ಕಿಲೋಮೀಟರ್ ಸುಮಾರು, ಅನುರಾಧಪುರಕ್ಕೆ 60ರ ಹತ್ತಿರ, ಸಿಗಿರಿಯ, ದಂಬುಲ್ಲ, ಮಿನ್ನೇರಿಯ ಇನ್ನೂ ಹತ್ತಿರ. ಒಂದು ಎಚ್ಚರ. ಈ ಭಾಗದ ರಸ್ತೆಗಳಲ್ಲಿ ಕತ್ತಲಾದ ಮೇಲೆ ಕಾಡಾನೆ ಅಡ್ಡ ಬರುತ್ತವೆ. ಸಂಜೆ ಆರೂವರೆಯೊಳಗೆ ಕೋಣೆ ಸೇರುವಂತೆ ದಿನ ಮುಗಿಸಿ, ರಾತ್ರಿ ಊಟಕ್ಕೆಂದು ಸ್ಕೂಟರ್ ಬಾಡಿಗೆ ತೆಗೆದು ಹೊರಡಬೇಡಿ.

ರೈಲಿನ ಬಗ್ಗೆ ಎರಡು ಮಾತು. ಕ್ಯಾಂಡಿಯಿಂದ 'ಎಲ್ಲ' ಊರಿನ ಕಡೆಗೆ ಚಹಾ ತೋಟಗಳ ನಡುವೆ ಏರುವ ಹಳಿ, ಸುಮಾರು 1,900 ಮೀಟರ್ ಎತ್ತರದ ಪಟ್ಟಿಪೊಲ ನಿಲ್ದಾಣ, 1921ರಲ್ಲಿ ಮುಗಿದ ಒಂಬತ್ತು ಕಮಾನಿನ ಸೇತುವೆ, ಇವೆಲ್ಲ ಹೆಸರಾದವು. ಕಾಯ್ದಿರಿಸುವಿಕೆ ತೆರೆಯುವುದು 30 ದಿನ ಮುಂಚೆ, ಖಾಲಿಯಾಗುವುದು ಬಲುಬೇಗ. ಎಸಿ ಇರುವ ಮೊದಲ ದರ್ಜೆ ಸಿಕ್ಕಿತೆಂದು ಹಿಗ್ಗಬೇಡಿ, ಅದರ ಕಿಟಕಿ ತೆರೆಯುವುದಿಲ್ಲ. ಕಾಯ್ದಿರಿಸಿದ ಎರಡನೆಯ ದರ್ಜೆಯೇ ಸುಖ. ಕೊಲಂಬೊದಿಂದಲೇ ಹತ್ತುವವರಿಗೆ ಇನ್ನೊಂದು ವಿಚಾರ: ಕ್ಯಾಂಡಿ ಮುಖ್ಯ ಹಳಿಯ ಮೇಲಿಲ್ಲ. ಪೇರಾದೆನಿಯದಿಂದ ಒಳಗೆ ಹೋಗಿ ಮತ್ತೆ ಹಿಂದಕ್ಕೆ ಬರುವ ರೈಲಾದರೆ ಮುಂದಕ್ಕೆ ಮುಖ ಮಾಡಿ ಕೂತವರು ಅಲ್ಲಿಂದ ಹಿಮ್ಮುಖವಾಗುತ್ತಾರೆ, ಎಡದ ಕಿಟಕಿ ಬಲಕ್ಕಾಗುತ್ತದೆ. ನಾಲ್ಕೂವರೆ ಗಂಟೆಯ ರಸ್ತೆಗೆ ರೈಲು ಆರೇಳು ಗಂಟೆ ತೆಗೆದುಕೊಳ್ಳುತ್ತದೆ, ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ.

ಕೆರೆಯಿಂದ ಬಂಡೆಗೆ

ಹೆಚ್ಚಿನವರು ವಿಮಾನ ಇಳಿದು ಸೀದಾ ಸಿಗಿರಿಯಕ್ಕೆ ಓಡುತ್ತಾರೆ. ಅದಕ್ಕಿಂತ ಮೊದಲು ಕಲಾವೆವ ನೋಡಿ ಎನ್ನುತ್ತೇವೆ ನಾವು. ವೆವ ಅಂದರೆ ಕೆರೆ. 5ನೇ ಶತಮಾನದಲ್ಲಿ ಧಾತುಸೇನ ರಾಜ ಕಟ್ಟಿಸಿದ್ದು. ಇಲ್ಲಿಂದ ಅನುರಾಧಪುರದ ಕೆರೆಗೆ ನೀರೊಯ್ಯುವ ಜಯಗಂಗಾ ಕಾಲುವೆ 87 ಕಿಲೋಮೀಟರ್ ಉದ್ದ. ಅದರ ಮೊದಲ ಭಾಗದ ಇಳಿಜಾರು ಕಿಲೋಮೀಟರಿಗೆ ಹತ್ತು ಸೆಂಟಿಮೀಟರ್ ಅಷ್ಟೇ. ಮಗ ಕಾಶ್ಯಪ ಸಿಂಹಾಸನಕ್ಕಾಗಿ ತಂದೆಯನ್ನು ಸೆರೆಹಿಡಿದು ನಿಧಿ ಎಲ್ಲಿ ಎಂದು ಕೇಳಿದಾಗ, ಧಾತುಸೇನ ಈ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ತೋರಿಸಿದನೆಂದು ಅಲ್ಲಿಯ ವಂಶಕಥೆ ಹೇಳುತ್ತದೆ. ತಂದೆಯನ್ನು ಕೊಲ್ಲಿಸಿದ ಕಾಶ್ಯಪ, ತಮ್ಮ ಮೊಗ್ಗಲ್ಲಾನನ ಸೇಡಿಗೆ ಅಂಜಿ ಬಂಡೆಯ ಮೇಲೆ ಅರಮನೆ ಕಟ್ಟಿದ. ಆ ಬಂಡೆಯೇ ಸಿಗಿರಿಯ, ಆಳ್ವಿಕೆ ಸುಮಾರು 477ರಿಂದ 495. ಕೆರೆಯನ್ನು ನೋಡಿದವನಿಗೆ ಬಂಡೆಯ ಕಥೆ ಅರ್ಧ ಬಿಡಿಸಿದ ಹಾಗೆ. ಕೆರೆಯ ಬಳಿಯೇ ಅವುಕನದಲ್ಲಿ 12 ಮೀಟರಿಗೂ ಎತ್ತರದ ನಿಂತ ಬುದ್ಧನಿದ್ದಾನೆ, ಅದನ್ನೂ ಧಾತುಸೇನನದೇ ಎನ್ನುವುದು ರೂಢಿ. ಬೆಳಗಿನ ಬಿಸಿಲು ಮುಖಕ್ಕೆ ಬೀಳುವಾಗ ನೋಡಬೇಕು.

ಕೆರೆಯ ಏರಿಯ ಮೇಲೆ ನಡೆದರೆ ಒಳಬದಿಯಲ್ಲಿ ಕಲ್ಲಿನ ಚೌಕಟ್ಟಿನ ಬಾವಿಯಂಥದ್ದು ಕಾಣುತ್ತದೆ, ಬಿಸೊಕೊಟುವ. ನಮ್ಮ ಕೆರೆಗಳ ತೂಬಿನ ಅಣ್ಣನೆನ್ನಿ. ನೀರಿನ ಒತ್ತಡ ಏರಿಯನ್ನು ಒಡೆಯದಂತೆ, ಬೇಕಾದಷ್ಟೇ ನೀರು ಕಾಲುವೆಗೆ ಹೋಗುವಂತೆ ತಡೆಯುವ ಕಟ್ಟು. ಕೆರೆನಾಡಿನಿಂದ ಹೋದವರಿಗೆ ಯಾವ ಅರಮನೆಗಿಂತಲೂ ಇದು ಬೇಗ ಮನಸ್ಸಿಗೆ ಹತ್ತುತ್ತದೆ.

ಸಿಗಿರಿಯಕ್ಕೆ ಬಾಗಿಲು ತೆಗೆಯುವ ಹೊತ್ತಿಗೇ ಇರಿ. ಸುಮಾರು 1,200 ಮೆಟ್ಟಿಲು, ಸುತ್ತಲ ನೆಲದಿಂದ 180 ಮೀಟರಿನಷ್ಟು ಎತ್ತರ. ಎಂಟೂವರೆಯ ಮೇಲೆ ಸುರುಳಿ ಮೆಟ್ಟಿಲಲ್ಲಿ ಜನ ಕಟ್ಟಿಕೊಳ್ಳುತ್ತಾರೆ, ಹತ್ತಕ್ಕೆ ಬಂಡೆ ಕಾವಲಿಯಾಗುತ್ತದೆ. ಚಿತ್ರಗಳ ಗವಿಯಲ್ಲಿ ಫೋಟೊ ತೆಗೆಯುವಂತಿಲ್ಲ. ಸಿಂಹದ ಪಂಜದ ಬಳಿ ಕಣಜದ ಹುಟ್ಟುಗಳಿವೆ. ಸದ್ದು ಮಾಡಬೇಡಿ ಎಂಬ ಫಲಕ ಅಲಂಕಾರಕ್ಕೆ ಹಾಕಿದ್ದಲ್ಲ, ಕಣಜ ಎದ್ದಾಗ ಹತ್ತುವುದನ್ನೇ ನಿಲ್ಲಿಸುತ್ತಾರೆ. ಅತ್ತರು ಬಳಿದುಕೊಂಡು ಹೋಗದಿದ್ದರೆ ಒಳ್ಳೆಯದು. ಕನ್ನಡಿ ಗೋಡೆಯನ್ನು ಎಲ್ಲರೂ ದಾಟಿ ಓಡುತ್ತಾರೆ, ಅಲ್ಲಿ ನಿಲ್ಲಿ. ಶತಮಾನಗಳ ಹಿಂದಿನ ಪ್ರವಾಸಿಗಳು ಮೇಲಿನ ಚಿತ್ರದ ಹೆಂಗಸರನ್ನು ಕುರಿತು ಗೀಚಿದ ಸಿಂಹಳ ಪದ್ಯಗಳು ಅದರ ಮೇಲಿವೆ. ಪುರಾತತ್ವಜ್ಞ ಸೆನರತ್ ಪರಣವಿತಾನ ಅವುಗಳಲ್ಲಿ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಈಗ ಗೀಚಿದರೆ ಮಾತ್ರ ಜೈಲು. ಇಳಿದ ಮೇಲೆ ಅದೇ ಟಿಕೆಟ್ಟಿನ ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ ಕೊಡಿ, ಬಿಸಿಲಿಗೂ ಅದೇ ನೆರಳು. ಭಾರತವೂ ಸೇರಿದಂತೆ ಸಾರ್ಕ್ ದೇಶದವರಿಗೆ ಟಿಕೆಟ್ ದರದಲ್ಲಿ ರಿಯಾಯಿತಿ ಇದೆ, ಆದರೆ ಅಸಲಿ ಪಾಸ್‌ಪೋರ್ಟ್ ತೋರಿಸಬೇಕು. ಹೋಟೆಲಿನ ಪೆಟ್ಟಿಗೆಯಲ್ಲಿ ಪಾಸ್‌ಪೋರ್ಟ್ ಭದ್ರವಾಗಿಟ್ಟು ಬಂದವರು ಪೂರ್ತಿ ಹಣ ಕೊಡುತ್ತಾರೆ.

ದಂಬುಲ್ಲದ ಐದು ಗುಹೆಗಳಿಗೆ ಮಧ್ಯಾಹ್ನ ಮೂರರ ಮೇಲೆ ಹೋದರೆ ಸಾಕು. ಹತ್ತುವ ದಾರಿ ಎರಡಿವೆ, ಟಿಕೆಟ್ ಕಟ್ಟೆ ಒಂದೇ ಕಡೆ. ಕೆಳಗೇ ಕೇಳಿಕೊಳ್ಳದೆ ಹತ್ತಿದರೆ ಮತ್ತೆ ಇಳಿದು ಹತ್ತಬೇಕು.

ಪೊಲೊನ್ನರುವಕ್ಕೆ ಇಡೀ ದಿನ. ಈ ದ್ವೀಪದಲ್ಲಿ ಒಂದೇ ಪುರಾತನ ಊರು ನೋಡಲು ಸಮಯವಿದ್ದರೆ ನಮ್ಮ ಮತ ಇದಕ್ಕೇ. ಜಾಗ ಸಮತಟ್ಟು, ನೆರಳಿದೆ, ಬಾಡಿಗೆ ಸೈಕಲ್ ಸಿಗುತ್ತದೆ. ಚಕ್ರದ ಗಾಳಿ, ಬ್ರೇಕು ನೋಡಿಯೇ ಹೊರಡಿ, ಒಳಗೆ ರಿಪೇರಿಯವರಿಲ್ಲ. ಮೊದಲು ವಸ್ತುಸಂಗ್ರಹಾಲಯ, ಆಮೇಲೆ ಅರಮನೆ, ಹಳೆಯ ಗುಡಿಗಳ ಗುಂಪಿರುವ ಚೌಕ, ರಂಕೊತ್ ವೆಹೆರ ಸ್ತೂಪ, ಲಂಕಾತಿಲಕ ಬುದ್ಧಮಂದಿರ. ಕೊನೆಗೆ ಬಿಸಿಲು ಓರೆಯಾಗುವ ಹೊತ್ತಿಗೆ ಗಲ್ ವಿಹಾರ. ಒಂದೇ ಕಗ್ಗಲ್ಲಿನಲ್ಲಿ ಕಡೆದ ನಾಲ್ಕು ಮೂರ್ತಿ, ಮಲಗಿದ ಬುದ್ಧ 14 ಮೀಟರ್ ಉದ್ದ. ತಲೆದಿಂಬು ತಲೆಯ ಭಾರಕ್ಕೆ ತಗ್ಗಿರುವುದನ್ನು ಕಲ್ಲಿನಲ್ಲಿ ತೋರಿಸಿದ್ದಾನೆ ಶಿಲ್ಪಿ. ಕೆಲಸ ಒಂದನೆಯ ಪರಾಕ್ರಮಬಾಹುವಿನ ಕಾಲದ್ದು, 1153ರಿಂದ 1186.

ಚೌಕದಲ್ಲಿ ಅಟದಾಗೆ ಎಂಬ ಕಂಬಗಳ ಕಟ್ಟಡದ ಮುಂದೆ ಕನ್ನಡಿಗರು ಐದು ನಿಮಿಷ ಹೆಚ್ಚು ನಿಲ್ಲಬೇಕು. ಇದನ್ನು ದಂತಧಾತುವಿಗಾಗಿ ಕಟ್ಟಿಸಿದವನು ಒಂದನೆಯ ವಿಜಯಬಾಹು, 1070ರಲ್ಲಿ ಚೋಳರನ್ನು ದ್ವೀಪದಿಂದ ಹೊರಗಟ್ಟಿದವನು. ಚೋಳರಿಗೆ ಇಬ್ಬರು ಶತ್ರುಗಳು, ದಕ್ಷಿಣದಲ್ಲಿ ಇವನು, ವಾಯವ್ಯದಲ್ಲಿ ಕಲ್ಯಾಣದ ಚಾಲುಕ್ಯರು. ವಿಜಯಬಾಹುವಿನ ಆಸ್ಥಾನಕ್ಕೆ ಚೋಳರ ದೂತರೂ ಕರ್ಣಾಟದ ದೂತರೂ ಬಂದಾಗ ಕರ್ಣಾಟದವರನ್ನು ಮೊದಲು ಸತ್ಕರಿಸಿ, ಅವರೊಡನೆ ತನ್ನ ದೂತರನ್ನು ಕಾಣಿಕೆ ಸಮೇತ ಕಳಿಸಿದನೆಂದು ದ್ವೀಪದ ವಂಶಕಥೆ ಚೂಳವಂಸ ಹೇಳುತ್ತದೆ. ಆ ಕರ್ಣಾಟ ರಾಜ ಆರನೆಯ ವಿಕ್ರಮಾದಿತ್ಯನೆಂದು ವಿದ್ವಾಂಸರ ಎಣಿಕೆ. ದಾರಿಯಲ್ಲಿ ಚೋಳರು ಸಿಂಹಳ ದೂತರ ಕಿವಿ ಮೂಗು ಕೊಯ್ದು ಕಳಿಸಿದರು. ಸೇಡಿಗೆ ಹೊರಟ ಸೈನ್ಯದಲ್ಲಿದ್ದ ವೇಳೈಕ್ಕಾರ ಎಂಬ ತಮಿಳು ಬಾಡಿಗೆ ಪಡೆ ಚೋಳರ ಮೇಲೆ ಹೋಗುವುದಿಲ್ಲವೆಂದು ತಿರುಗಿಬಿತ್ತು. ದಂತಮಂದಿರವನ್ನು ಕಾಯುತ್ತೇವೆಂದು ಅದೇ ವೇಳೈಕ್ಕಾರರು ಮುಂದೆ ತಮಿಳಿನಲ್ಲಿ ಹಾಕಿಸಿದ ಶಾಸನ ಅಲ್ಲೇ ಪಕ್ಕದಲ್ಲಿದೆ. ಸ್ವಲ್ಪ ದೂರದಲ್ಲಿ ಚೋಳರು ಕಟ್ಟಿದ ಶಿವದೇವಾಲಯವೂ ನಿಂತಿದೆ, ಕಲ್ಲು ಕದಲಿಲ್ಲ.

ಚಂದ್ರಶಿಲೆಗಳನ್ನು ಗಮನಿಸಿ. ಅನುರಾಧಪುರದ ಮೆಟ್ಟಿಲ ಬುಡದ ಅರ್ಧಚಂದ್ರ ಕಲ್ಲಿನಲ್ಲಿ ಆನೆ, ಕುದುರೆ, ಸಿಂಹ, ಎತ್ತು ಒಂದೇ ಸಾಲಿನಲ್ಲಿ ನಡೆಯುತ್ತವೆ, ಒಳಗೆ ಹಂಸ, ನಡುವೆ ಕಮಲ. ಪೊಲೊನ್ನರುವದಲ್ಲಿ ಎತ್ತು ಮಾಯ. ಚೋಳರ ನಂತರ ನಂದಿಯನ್ನು ತುಳಿಯುವುದು ಸಲ್ಲದೆಂದು ತೆಗೆದರು ಎಂಬ ವಿವರಣೆ ಇದೆ. ಅನುರಾಧಪುರ ಮೊದಲು, ಪೊಲೊನ್ನರುವ ಆಮೇಲೆ ಎಂಬ ಅನುಕ್ರಮ ಇಟ್ಟುಕೊಂಡರೆ ಇಂಥವು ತಾವಾಗಿ ಕಣ್ಣಿಗೆ ಬೀಳುತ್ತವೆ.

ಅನುರಾಧಪುರ ಹರಡಿಕೊಂಡ ಊರು, ನಡೆದು ಮುಗಿಯುವುದಿಲ್ಲ. ಅರ್ಧ ದಿನಕ್ಕೆ ಟುಕ್‌ಟುಕ್ ಗೊತ್ತುಮಾಡಿ, ಮಧ್ಯಾಹ್ನದ ಮೇಲೆ ಹೊರಡಿ. ಶ್ರೀಮಹಾಬೋಧಿ ಎಂಬ ಪವಿತ್ರ ಅರಳಿಮರ, 122 ಮೀಟರ್ ಎತ್ತರವಿತ್ತೆನ್ನುವ ಜೇತವನದ ಇಟ್ಟಿಗೆಯ ಸ್ತೂಪ, ಸಮಾಧಿ ಬುದ್ಧ, ಜೋಡಿ ಕೊಳ. ಚಪ್ಪಲಿ, ಟೋಪಿ ಎರಡೂ ತೆಗೆಯಬೇಕು. ಹಾಸುಗಲ್ಲು ಕಾದಿರುತ್ತದೆ, ಚೀಲದಲ್ಲಿ ದಪ್ಪ ಕಾಲುಚೀಲ ಇರಲಿ. ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ, ಬಿಳಿಯಾದರೆ ಇನ್ನೂ ಒಳ್ಳೆಯದು. ಬುದ್ಧನಿಗೆ ಬೆನ್ನು ಮಾಡಿ ಸೆಲ್ಫಿ ತೆಗೆದರೆ ಕಾವಲಿನವರು ಗದರುತ್ತಾರೆ. ಮೈಮೇಲೆ ಬುದ್ಧನ ಹಚ್ಚೆ ಇದ್ದರೆ ಮುಚ್ಚಿಕೊಳ್ಳಿ. 2014ರಲ್ಲಿ ಇದೇ ಕಾರಣಕ್ಕೆ ಪ್ರವಾಸಿಯೊಬ್ಬರನ್ನು ವಾಪಸ್ ಕಳಿಸಿದ್ದುಂಟು. ಕ್ಯಾಂಡಿಯ ಮಾಳಿಗಾವದಲ್ಲಿ ತೇವಾವ ಎಂಬ ಪೂಜೆ ಮೂರು ಹೊತ್ತು, ಬೆಳಗ್ಗೆ 5.30, 9.30, ಸಂಜೆ 6.30ರ ಸುಮಾರಿಗೆ. ಕರಂಡಕದ ಮುಂದೆ ನಿಲ್ಲಲು ಸಿಗುವುದು ಕೆಲವೇ ಕ್ಷಣ. ಸಾಲಿಗಿಂತ ಕೆಳಗಿನ ಮದ್ದಳೆಯವರ ಎದುರು ನಿಲ್ಲುವುದೇ ಮೇಲು.

ಉಂಬಲಕಡ ಎಂಬ ಗುಟ್ಟು

ಸಸ್ಯಾಹಾರಿಗಳು ಎಡವುವುದು ಇಲ್ಲಿ. ಉಂಬಲಕಡ ಅಂದರೆ ಒಣಗಿಸಿ ಗಟ್ಟಿಮಾಡಿದ ಮಾಲ್ಡೀವ್ಸ್ ಮೀನಿನ ಚೂರು. ತೆಂಗಿನ ತುರಿಯ ಪೊಲ್ ಸಂಬೋಲದಲ್ಲಿ, ಲುಣುಮಿರಿಸ್ ಚಟ್ನಿಯಲ್ಲಿ, ಒಮ್ಮೊಮ್ಮೆ ತರಕಾರಿ ಪಲ್ಯದಲ್ಲೂ ಅದು ಸೇರಿರುತ್ತದೆ. ಅಡುಗೆಯವರಿಗೆ ಅದು ಮೀನಲ್ಲ, ಮಸಾಲೆ. ಹಾಗಾಗಿ "ಮಸ್ ಮಾಳು ನೆತುವ", ಮಾಂಸ ಮೀನು ಇಲ್ಲದೆ, ಎಂದರೆ ಸಾಲದು. "ಉಂಬಲಕಡ ಎಪಾ", ಬೇಡ, ಎಂದೂ ಸೇರಿಸಿ. ಮೊಟ್ಟೆಗೆ ಬಿತ್ತರ ಎನ್ನುತ್ತಾರೆ. ತಮಿಳರ ಸೈವ ಕಡೈ, ಅಂದರೆ ಸಸ್ಯಾಹಾರದ ಹೋಟೆಲು, ಕಂಡರೆ ನಿಶ್ಚಿಂತೆ.

ಕರಾವಳಿಯವರಿಗೆ ಅಲ್ಲಿಯ ಊಟದಲ್ಲಿ ಅರ್ಧ ಪರಿಚಿತವೇ. ಪೊಲೊಸ್ ಅಂದರೆ ಗುಜ್ಜೆ, ದೆಲ್ ಅಂದರೆ ಜೀಗುಜ್ಜೆ, ಗೊಟುಕೊಲ ಅಂದರೆ ಒಂದೆಲಗ, ಇಂದಿ ಆಪ್ಪ ಅಂದರೆ ಒತ್ತುಶಾವಿಗೆ. ಅನ್ನ-ಪಲ್ಯದ ಊಟ ಮಧ್ಯಾಹ್ನದ್ದು, ಎರಡೂವರೆಯ ಮೇಲೆ ಹೋದರೆ ತಳ ಕೆರೆದದ್ದು ಸಿಗುತ್ತದೆ. ಎಮ್ಮೆ ಮೊಸರಿನ ಮಡಕೆಯ ಮೇಲೆ ಕಿತುಲ್ ಪಾನಿ ಸುರಿದು ತಿನ್ನದೆ ಬರಬೇಡಿ. ಕಿತುಲ್ ನಮ್ಮ ಬೈನೆ ಮರ. ಅದರ ನೀರವನ್ನು ಕಾಯಿಸಿದ ಕಾಕಂಬಿ. ರಸ್ತೆಬದಿಯ ಅಗ್ಗದ ಬಾಟಲಿಗಳಲ್ಲಿ ಸಕ್ಕರೆ ಪಾಕದ ಬೆರಕೆ ಮಾಮೂಲು.

ಹೊರಡುವ ಮುನ್ನ

ದೇಶದೊಳಗೆ ಹೋಗಲು ಬೇಕಾದ ಇಟಿಎ ಎಂಬ ಆನ್‌ಲೈನ್ ಅನುಮತಿಯನ್ನು ಅಲ್ಲಿಯ ಸರ್ಕಾರದ ತಾಣದಲ್ಲೇ ಪಡೆಯಿರಿ. ಭಾರತೀಯರಿಗೆ ಶುಲ್ಕದ ನಿಯಮ ಹಲವು ಸಲ ಬದಲಾಗಿದೆ, ಹೆಸರಿನಲ್ಲಿ ಹೋಲುವ ಖಾಸಗಿ ತಾಣಗಳು ದುಪ್ಪಟ್ಟು ಕೀಳುತ್ತವೆ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಇರಲಿ. ಯುಪಿಐ 2024ರ ಫೆಬ್ರವರಿಯಿಂದ ಅಲ್ಲಿ ನಡೆಯುತ್ತದೆ, ಆದರೆ ಟುಕ್‌ಟುಕ್ಕಿಗೆ, ಹಳ್ಳಿಯ ಕಡೆಗೆ ನಗದೇ ಬೇಕು. ಮೂರು ದಪ್ಪ ಕಡ್ಡಿಯ ಬ್ರಿಟಿಷ್ ಮಾದರಿಯ ಪ್ಲಗ್ಗೂ ಹೆಚ್ಚು ಬಳಕೆಯಲ್ಲಿದೆ, ಅಡಾಪ್ಟರ್ ಒಯ್ಯಿರಿ.

ಕಾರು-ಚಾಲಕರನ್ನು ಗೊತ್ತುಮಾಡುವಾಗ ನಾಲ್ಕು ವಿಷಯ ಬರವಣಿಗೆಯಲ್ಲಿ ಇರಲಿ: ದಿನಕ್ಕೆ ಎಷ್ಟು ಕಿಲೋಮೀಟರ್ ಸೇರಿದೆ, ಚಾಲಕರ ಊಟ ವಸತಿ ಯಾರದು, ಹೆದ್ದಾರಿ ಸುಂಕ ಯಾರದು, ಮಸಾಲೆ ತೋಟ, ರತ್ನದ ಅಂಗಡಿ, ಬಾಟಿಕ್ ಮಳಿಗೆ ಇವು ಬೇಡ. ಕೊನೆಯದನ್ನು ಮೊದಲೇ ಹೇಳದಿದ್ದರೆ ದಿನಕ್ಕೆರಡು ಗಂಟೆ ಅಲ್ಲೇ ಹೋಗುತ್ತದೆ. ತಪ್ಪು ಚಾಲಕರದೆಂದು ಜಗಳಕ್ಕಿಳಿಯಬೇಡಿ, ಬಾಡಿಗೆಯನ್ನು ನಾವು ಚೌಕಾಸಿ ಮಾಡಿದಷ್ಟೂ ಅವರು ಕಮಿಷನ್ ನೆಚ್ಚಿಕೊಳ್ಳುತ್ತಾರೆ. ಚಾಲಕ-ಮಾರ್ಗದರ್ಶಿಗೂ ಪ್ರವಾಸೋದ್ಯಮ ಪ್ರಾಧಿಕಾರದ ಪರವಾನಗಿ ಇರಬೇಕು, ಕೇಳಿ ನೋಡಿ. ಪೊಲೊನ್ನರುವಕ್ಕೆ ಪ್ರತ್ಯೇಕ ಸ್ಥಳೀಯ ಗೈಡ್ ಇಟ್ಟುಕೊಂಡರೆ ಹಣ ವ್ಯರ್ಥವಾಗುವುದಿಲ್ಲ.

ವಿಮಾನ ರಾತ್ರಿಯದ್ದಾದರೆ ಕೊನೆಯ ಮಧ್ಯಾಹ್ನವನ್ನು ಕೊಲಂಬೊದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಡಿ. 1877ರದ್ದು. ಅಲ್ಲಿ ಗಾಲ್‌ನಲ್ಲಿ 1911ರಲ್ಲಿ ಸಿಕ್ಕ ಒಂದು ಕಲ್ಲುಚಪ್ಪಡಿ ಇದೆ. ಚೀನಾದ ನೌಕಾಪತಿ ಜೆಂಗ್ ಹೇ ಹಡಗಿನಲ್ಲಿ ತಂದದ್ದು, ಅದರ ಮೇಲಿನ ಕಾಲ 1409. ಮೂರು ಭಾಷೆಯಲ್ಲಿ ಕಾಣಿಕೆಗಳ ಪಟ್ಟಿ: ಚೀನಿಯಲ್ಲಿ ಬುದ್ಧನಿಗೆ, ತಮಿಳಿನಲ್ಲಿ ತೆನಾವರೈ ನಾಯನಾರ್ ಎಂಬ ವಿಷ್ಣುವಿಗೆ, ಪಾರ್ಸಿಯಲ್ಲಿ ಅಲ್ಲಾಹನಿಗೆ. ಅಕ್ಷರ ಸವೆದಿವೆ, ಎದುರಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಒಂದು ಬದಿಗೆ ಸರಿದು ಬೆಳಕು ಓರೆಯಾಗಿ ಬೀಳುವಂತೆ ನಿಲ್ಲಿ. ಅಲ್ಲಿಂದ ಕಟುನಾಯಕಕ್ಕೆ ಎಕ್ಸ್‌ಪ್ರೆಸ್ ಹೆದ್ದಾರಿ ಇದ್ದರೂ ನಗರ ದಾಟಲು ಹೊತ್ತು ಹಿಡಿಯುತ್ತದೆ, ಸಂಜೆ ನಾಲ್ಕಕ್ಕೆ ಹೊರಬಿದ್ದರೆ ನೆಮ್ಮದಿ.